ಮೋಡ ನೋಡಿ ಮಳೆ ಹೇಳಬಹುದೇ? ಯಾದಗಿರಿ, ಶಹಾಪುರ, ಸುರಪುರ ಕಡೆಯ ಹವಾಮಾನದ ಮಾತುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು?

"ನಾಳೆಯಿಂದ ಆಗಸ್ಟ್‌ವರೆಗೆ ಭಾರೀ ಚಳಿ, ಭೂಮಿ ಸೂರ್ಯನಿಂದ ದೂರ ಹೋಗುತ್ತಿದೆ." "ಬಿಸಿಲಿಂದ ಬಂದು ತಣ್ಣೀರು ಕುಡಿಯಬೇಡಿ, ರಕ್ತನಾಳ ಒಡೆಯುತ್ತದೆ." "ಡ್ಯಾಂ ಒಡೆದಿದೆ, ಕೂಡಲೇ ಊರು ಬಿಡಿ." ವರ್ಷದ ಒಂದಲ್ಲ ಒಂದು ಹೊತ್ತಿನಲ್ಲಿ ಇಂಥ ಮೆಸೇಜ್ ನಿಮ್ಮ ವಾಟ್ಸ್ಆಪ್ ಗ್ರೂಪಿಗೂ ಬಂದಿರುತ್ತದೆ. ಇದರ ಜೊತೆಗೆ ಮನೆಯ ಹಿರಿಯರ ಮಾತುಗಳೂ ಇವೆ: ಇರುವೆ ತತ್ತಿ ಹೊತ್ತು ಸಾಗಿದರೆ ಮಳೆ, ಚಂದ್ರನ ಸುತ್ತ ಬಳೆ ಕಟ್ಟಿದರೆ ಮಳೆ, ಮಿರಗ ಕೂಡಿದರೆ ಬಿತ್ತನೆ.

ಎರಡೂ ನೋಡಲು ಒಂದೇ ಥರ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಹಿರಿಯರ ಮಾತಿಗೆ ಒಂದು ಊರು, ಒಂದು ಕಾಲ ಇರುತ್ತದೆ. ಫಾರ್ವರ್ಡಿಗೆ ಊರೂ ಇಲ್ಲ, ತಾರೀಖೂ ಇಲ್ಲ. ಈ ಲೇಖನದಲ್ಲಿ ಯಾದಗಿರಿ ಜಿಲ್ಲೆಯ ಬೇಸಿಗೆ, ಮಳೆಗಾಲ, ಚಳಿಗಾಲಗಳನ್ನು ಒಂದೊಂದಾಗಿ ತೆಗೆದುಕೊಂಡು, ನಾವೆಲ್ಲ ಕಣ್ಣಾರೆ ಕಾಣುವ ಬದಲಾವಣೆಗಳಿಗೆ ಕಾರಣ ಏನು, ಯಾವ ನಂಬಿಕೆಯನ್ನು ಎಷ್ಟು ನಂಬಬಹುದು ಎಂದು ನೋಡೋಣ.

ಒಂದೇ ಮಾತಿನಲ್ಲಿ ಉತ್ತರ ಬೇಕೆಂದರೆ: ಆಕಾಶ, ಗಾಳಿ, ಹುಳು-ಹುಪ್ಪಡಿ ನೋಡಿ ಮುಂದಿನ ಕೆಲವು ಗಂಟೆಗಳ ಬಗ್ಗೆ ಒಂದಿಷ್ಟು ಹೇಳಬಹುದು. ಮುಂದಿನ ನಾಲ್ಕೈದು ದಿನಗಳಿಗೆ ಹವಾಮಾನ ಇಲಾಖೆಯ ಮುನ್ಸೂಚನೆಯೇ ಬೇಕು. ಇಡೀ ಹಂಗಾಮಿನಲ್ಲಿ ನಿಮ್ಮ ಹೊಲಕ್ಕೆ ಎಷ್ಟು ಮಳೆ ಬೀಳುತ್ತದೆ ಎಂದು ಖಚಿತವಾಗಿ ಹೇಳುವ ವಿದ್ಯೆ ಇರುವೆಗೂ ಇಲ್ಲ, ಪಂಚಾಂಗಕ್ಕೂ ಇಲ್ಲ, ಉಪಗ್ರಹಕ್ಕೂ ಇಲ್ಲ.

ನಮ್ಮ ಕಡೆಯ ಹವಾಮಾನ ಹೀಗೇಕೆ?

ಮುಂಗಾರು ಮಾರುತಗಳು ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬಂದು ಪಶ್ಚಿಮ ಘಟ್ಟಕ್ಕೆ ಬಡಿಯುತ್ತವೆ. ಅಲ್ಲಿ ಗಾಳಿ ಮೇಲೇರಿ ತಣ್ಣಗಾಗಿ ಮಳೆ ಸುರಿಸುತ್ತದೆ. ಘಟ್ಟ ದಾಟಿ ನಮ್ಮ ಕಡೆಗೆ ಇಳಿಯುವ ಹೊತ್ತಿಗೆ ಅದರಲ್ಲಿ ಉಳಿದ ತೇವ ಕಡಿಮೆ. ಇದನ್ನೇ ಮಳೆಯ ನೆರಳಿನ ಪ್ರದೇಶ ಎನ್ನುತ್ತಾರೆ. ಆಗುಂಬೆಯಲ್ಲಿ ಜುಲೈ ತಿಂಗಳಿಡೀ ಕೊಡೆ ಮಡಚುವಂತಿಲ್ಲ. ಅದೇ ಜುಲೈಯಲ್ಲಿ ಸುರಪುರದಲ್ಲಿ ದಿನವಿಡೀ ಗಾಳಿ ಬೀಸುತ್ತದೆ, ಮೋಡ ಓಡುತ್ತದೆ, ಮಳೆ ಮಾತ್ರ ಇಲ್ಲ.

ನಮಗೆ ಒಳ್ಳೆಯ ಮಳೆ ತರುವುದು ಹೆಚ್ಚಾಗಿ ಬಂಗಾಳ ಕೊಲ್ಲಿಯಲ್ಲಿ ಹುಟ್ಟಿ ಆಂಧ್ರ, ತೆಲಂಗಾಣ ದಾಟಿ ಬರುವ ವಾಯುಭಾರ ಕುಸಿತಗಳು. ಇದರ ಜೊತೆಗೆ ಸ್ಥಳೀಯ ಗುಡುಗು ಮಳೆ. ಆದ್ದರಿಂದಲೇ ನಮ್ಮ ಭಾಗದಲ್ಲಿ ಜೂನ್‌ಗಿಂತ ಸೆಪ್ಟೆಂಬರ್ ಮಳೆಯೇ ಜೋರು. "ಕರಾವಳಿಯಲ್ಲಿ ರೆಡ್ ಅಲರ್ಟ್, ಇಡೀ ರಾಜ್ಯಕ್ಕೆ ಎಚ್ಚರಿಕೆ" ಎಂಬ ಫಾರ್ವರ್ಡ್ ನೋಡಿ ಶಹಾಪುರದ ರೈತ ಬೀಜ ಹೊರಗೆ ತೆಗೆದರೆ ಕೆಟ್ಟ. ಆ ಮಳೆಯ ದಾರಿ ಬೇರೆ, ನಮ್ಮ ಮಳೆಯ ದಾರಿ ಬೇರೆ.

ಬೇಸಿಗೆ: ಬಂಡೆ, ಬಿಸಿಲು ಮತ್ತು ತಣ್ಣೀರು

*"ಗುಡ್ಡದ ಕೆಳಗಿನ ಊರಲ್ಲಿ ರಾತ್ರಿಯೂ ಸೆಕೆ ಆರುವುದಿಲ್ಲ." ನಿಜವೇ?*

ನಿಜ. ಯಾದಗಿರಿಯ ಕೋಟೆ ಬೆಟ್ಟ, ಶಹಾಪುರದ ಮಲಗಿದ ಬುದ್ಧನ ಗುಡ್ಡ, ಸುರಪುರದ ಸುತ್ತಲಿನ ಗುಡ್ಡಗಳು ಎಲ್ಲವೂ ಬಂಡೆಗಲ್ಲು. ಹಗಲಿಡೀ ಕಾದ ಕಲ್ಲು ಆ ಶಾಖವನ್ನು ರಾತ್ರಿ ನಿಧಾನವಾಗಿ ಬಿಡುತ್ತದೆ. ಕಾಂಕ್ರೀಟ್ ಛಾವಣಿ ಮಾಡುವುದೂ ಇದನ್ನೇ. ಹೊಲದ ಮಣ್ಣು ಬೇಗ ಕಾದು ಬೇಗ ಆರುತ್ತದೆ. ಅದಕ್ಕೇ ಊರಿನೊಳಗೆ ನಿದ್ದೆ ಬಾರದ ರಾತ್ರಿಯಲ್ಲಿ ಹೊಲದ ಗುಡಿಸಲಲ್ಲಿ ತಂಪು ಗಾಳಿ ಆಡುತ್ತಿರುತ್ತದೆ.

ಇನ್ನೊಂದು ಕಾರಣ ಸೂರ್ಯನ ಸ್ಥಾನ. ನಮ್ಮ ಜಿಲ್ಲೆ ಸುಮಾರು 16.5ರಿಂದ 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದೆ. ಮೇ ಮೊದಲ ಹತ್ತು ದಿನಗಳೊಳಗೆ ಒಂದು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ದಿನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ಕ್ಷಣಕಾಲ ನೆರಳೇ ಇರುವುದಿಲ್ಲ. ಆಗಸ್ಟ್ ಮೊದಲ ವಾರದ ಹೊತ್ತಿಗೆ ಇದು ಮತ್ತೊಮ್ಮೆ ನಡೆಯುತ್ತದೆ, ಆದರೆ ಆಗ ಮೋಡ ಮುಚ್ಚಿರುವುದರಿಂದ ಬಿಸಿ ತಟ್ಟುವುದಿಲ್ಲ.

*"ನನ್ನ ಫೋನ್ 45 ಎನ್ನುತ್ತದೆ, ಇಲಾಖೆ 41 ಎನ್ನುತ್ತದೆ. ಯಾರು ಸುಳ್ಳು ಹೇಳುತ್ತಿದ್ದಾರೆ?"*

ಯಾರೂ ಅಲ್ಲ. ಹವಾಮಾನ ಇಲಾಖೆ ತಾಪಮಾನ ಅಳೆಯುವುದು ಬಿಸಿಲಿನಲ್ಲಿ ಅಲ್ಲ. ನೆಲದಿಂದ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯ ನೆರಳಿನಲ್ಲಿ. ಫೋನಿನ ಆಪ್ ಬಹಳ ಸಲ ತೇವಾಂಶವನ್ನೂ ಸೇರಿಸಿ "ಮೈಗೆ ಅನಿಸುವ ಬಿಸಿ"ಯನ್ನು ತೋರಿಸುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಮೀಟರ್ 50 ತೋರಿಸಿದರೆ ಅದು ಕಾದ ತಗಡಿನ ಲೆಕ್ಕ, ಊರಿನ ತಾಪಮಾನ ಅಲ್ಲ. ಬಯಲು ಪ್ರದೇಶದಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಇದ್ದು, ಆ ದಿನದ ವಾಡಿಕೆಗಿಂತ 4.5 ಡಿಗ್ರಿ ಅಥವಾ ಹೆಚ್ಚು ಏರಿದಾಗ, ಇಲ್ಲವೇ ನೇರವಾಗಿ 45 ಡಿಗ್ರಿ ಮುಟ್ಟಿದಾಗ ಇಲಾಖೆ ಅದನ್ನು "ಶಾಖದ ಅಲೆ" ಎಂದು ಪರಿಗಣಿಸುತ್ತದೆ.

*"ಬಿಸಿಲಿಂದ ಬಂದವರು ತಣ್ಣೀರು ಕುಡಿದರೆ, ತಣ್ಣೀರಲ್ಲಿ ಕೈಕಾಲು ತೊಳೆದರೆ ರಕ್ತನಾಳ ಒಡೆಯುತ್ತದೆ." ನಿಜವೇ?*

ಸುಳ್ಳು, ಅದೂ ಅಪಾಯಕಾರಿ ಸುಳ್ಳು. ಪ್ರತಿ ಬೇಸಿಗೆಯಲ್ಲಿ ಯಾವುದೋ ಡಾಕ್ಟರ್ ಹೆಸರಿನಲ್ಲಿ ಇದು ಓಡಾಡುತ್ತದೆ. ತಣ್ಣೀರು ಕುಡಿದ ಮಾತ್ರಕ್ಕೆ ಆರೋಗ್ಯವಂತರ ರಕ್ತನಾಳ ಒಡೆಯುವುದಿಲ್ಲ. ಉಷ್ಣಾಘಾತ ಆದವರ ಮೈಯ ಬಿಸಿ 40 ಡಿಗ್ರಿ ದಾಟಿರುತ್ತದೆ, ಮಾತು ತೊದಲುತ್ತದೆ, ಪ್ರಜ್ಞೆ ತಪ್ಪಬಹುದು. ಅವರ ಜೀವ ಉಳಿಯುವುದೇ ಮೈಯನ್ನು ಎಷ್ಟು ಬೇಗ ತಂಪು ಮಾಡಿದೆವು ಎಂಬುದರ ಮೇಲೆ. ನೆರಳಿಗೆ ತನ್ನಿ, ಮೈಮೇಲೆ ನೀರು ಸುರಿಯಿರಿ, ಒದ್ದೆ ಬಟ್ಟೆ ಹೊದಿಸಿ ಗಾಳಿ ಹಾಕಿ, 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. "ಮೊದಲು ಬೆಚ್ಚಗಿನ ನೀರು ಕೊಡಿ, ಅರ್ಧ ಗಂಟೆ ಕಾಯಿರಿ" ಎಂಬ ಸಲಹೆಯನ್ನು ನಂಬಿದರೆ ಆ ಅರ್ಧ ಗಂಟೆಯಲ್ಲೇ ಅನಾಹುತ ಆಗಬಹುದು.

ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲ ಎನ್ನುವುದೂ ಸುಳ್ಳೇ. ಜೇಬಿನಲ್ಲಿರುವ ಗಡ್ಡೆ ಮೈಯ ಶಾಖ ಹೀರುವುದಿಲ್ಲ. ಮಜ್ಜಿಗೆ, ನೀರು, ತಲೆಗೆ ಟವೆಲ್, ಮಧ್ಯಾಹ್ನ 12ರಿಂದ 3ರವರೆಗೆ ಹೊಲದ ಕೆಲಸಕ್ಕೆ ವಿರಾಮ, ಇವುಗಳಿಂದ ನಿಜವಾಗಿ ಉಪಯೋಗ ಇದೆ.

ಬೇಸಿಗೆಯ ಕೊನೆ: ಗುಡುಗು, ಆಲಿಕಲ್ಲು, ಸಿಡಿಲು

ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ನೆಲ ಕಾದು ಕೆಂಡವಾದಾಗ ಅದರ ಮೇಲಿನ ಗಾಳಿ ರಭಸದಿಂದ ಮೇಲೇರುತ್ತದೆ. ಎಲ್ಲಿಂದಾದರೂ ಒಂದಿಷ್ಟು ತೇವ ಸೇರಿದರೆ ಸಂಜೆ ಹೊತ್ತಿಗೆ ಹೂಕೋಸಿನಂಥ ದೊಡ್ಡ ಮೋಡ ಏಳುತ್ತದೆ. ಮೊದಲು ಧೂಳಿನ ಬಿರುಗಾಳಿ, ಆಮೇಲೆ ದಪ್ಪ ಹನಿ, ಕೆಲವೊಮ್ಮೆ ಆಲಿಕಲ್ಲು. ಒಂದು ಊರಲ್ಲಿ ತಗಡು ಹಾರಿ, ಪಕ್ಕದ ಊರಲ್ಲಿ ಹನಿಯೂ ಬೀಳದಿರುವುದು ಈ ಮೋಡಗಳ ಸ್ವಭಾವ, ಏಕೆಂದರೆ ಒಂದು ಗುಡುಗು ಮೋಡದ ಅಗಲ ಕೆಲವೇ ಕಿಲೋಮೀಟರ್.

ಇಲ್ಲಿ ಜೀವಕ್ಕೆ ಅಪಾಯ ಮಳೆಯಿಂದಲ್ಲ, ಸಿಡಿಲಿನಿಂದ. ಮಳೆ ಬಂತೆಂದು ಹೊಲದಲ್ಲಿದ್ದವರು ಬೇವಿನ ಮರದ ಕೆಳಗೆ ಓಡುತ್ತಾರೆ. ಕುರಿಗಾರರು ಹಿಂಡನ್ನೂ ಅಲ್ಲೇ ಸೇರಿಸುತ್ತಾರೆ. ಬಯಲಲ್ಲಿ ಒಂಟಿಯಾಗಿ ಎತ್ತರಕ್ಕೆ ನಿಂತ ಮರಕ್ಕೆ ಸಿಡಿಲು ಬಡಿಯುವ ಸಾಧ್ಯತೆ ಹೆಚ್ಚು. ಮರಕ್ಕೆ ಬಡಿದ ವಿದ್ಯುತ್ ಪಕ್ಕದಲ್ಲಿ ನಿಂತವರಿಗೆ ಹಾರುತ್ತದೆ, ಬುಡದಿಂದ ನೆಲದಲ್ಲೂ ಹರಡುತ್ತದೆ. ಕುರಿ, ದನಗಳ ಮುಂಗಾಲು-ಹಿಂಗಾಲುಗಳ ನಡುವೆ ಅಂತರ ಹೆಚ್ಚಿರುವುದರಿಂದ ನೆಲದ ವಿದ್ಯುತ್ ಅವುಗಳ ಎದೆಯ ಮೂಲಕವೇ ಹಾಯುತ್ತದೆ. ಒಂದೇ ಸಿಡಿಲಿಗೆ ಹಿಂಡಿಗೆ ಹಿಂಡೇ ಸಾಯುವುದು ಇದೇ ಕಾರಣಕ್ಕೆ.

ನೆನಪಿಡಲು ಸುಲಭವಾದ ಲೆಕ್ಕ ಇದು. ಮಿಂಚು ಕಂಡ ಕೂಡಲೇ ಒಂದು, ಎರಡು, ಮೂರು ಎಂದು ಸೆಕೆಂಡ್ ಎಣಿಸಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ತೆಗೆದುಕೊಳ್ಳುತ್ತದೆ. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ ಎಂದರ್ಥ. ಮುಂದಿನ ಸಿಡಿಲು ನಿಮ್ಮ ಹತ್ತಿರವೇ ಬೀಳಬಹುದು. ಪಕ್ಕಾ ಮನೆಯೊಳಗೆ ಅಥವಾ ಗಾಜು ಏರಿಸಿದ ಕಾರು, ಬಸ್ಸಿನೊಳಗೆ ಹೋಗಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಬರಬೇಡಿ. ಬೈಕ್, ತೆರೆದ ಟ್ರ್ಯಾಕ್ಟರ್, ಗೋಡೆ ಇಲ್ಲದ ಶೆಡ್ ಯಾವುದೂ ಸುರಕ್ಷಿತ ಅಲ್ಲ.

*"ಮೊಬೈಲ್ ಸಿಡಿಲನ್ನು ಎಳೆಯುತ್ತದೆ." ನಿಜವೇ?*

ಸುಳ್ಳು. ಮೊಬೈಲಿಗೆ ಸಿಡಿಲನ್ನು ಸೆಳೆಯುವ ಶಕ್ತಿ ಇಲ್ಲ. ಬಯಲಿನಲ್ಲಿ ನಿಂತು ಮಾತಾಡುವವರಿಗೆ ಅಪಾಯ ಬರುವುದು ಬಯಲಿನಿಂದ, ಫೋನಿನಿಂದ ಅಲ್ಲ. ಆದರೆ ಮನೆಯೊಳಗೆ ಚಾರ್ಜರಿಗೆ ಹಾಕಿದ ಫೋನ್, ಲ್ಯಾಂಡ್‌ಲೈನ್ ಹಿಡಿದು ಮಾತಾಡಬೇಡಿ; ತಂತಿಯ ಮೂಲಕ ವಿದ್ಯುತ್ ಬರಬಹುದು.

*"ಸಿಡಿಲು ಬಡಿದವರನ್ನು ಮುಟ್ಟಬಾರದು, ತಿಪ್ಪೆಯಲ್ಲಿ ಹೂತಿಟ್ಟರೆ ಬದುಕುತ್ತಾರೆ." ನಿಜವೇ?*

ಎರಡೂ ಸುಳ್ಳು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿಯುವುದಿಲ್ಲ, ಕೂಡಲೇ ಮುಟ್ಟಬಹುದು. ಸಿಡಿಲಿನ ಹೊಡೆತಕ್ಕೆ ಹೃದಯ, ಉಸಿರು ನಿಂತಿರಬಹುದು. ಆಗ ಬೇಕಾದ್ದು ಎದೆಯ ನಡುವೆ ಗಟ್ಟಿಯಾಗಿ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುವುದು, ಮತ್ತು 108ಕ್ಕೆ ಕರೆ. ಸಗಣಿಯಲ್ಲಿ, ತಿಪ್ಪೆಯಲ್ಲಿ ಹೂತಿಟ್ಟು ಕಾಯುವ ಪ್ರತಿ ನಿಮಿಷವೂ ಬದುಕಬಹುದಾಗಿದ್ದ ಒಬ್ಬರನ್ನು ಸಾವಿನ ಕಡೆಗೆ ತಳ್ಳುತ್ತದೆ. ಈ ಲೇಖನದಲ್ಲಿ ಒಂದೇ ಒಂದು ವಿಷಯ ಹಂಚಿಕೊಳ್ಳುವುದಾದರೆ ದಯವಿಟ್ಟು ಇದನ್ನು ಹಂಚಿ.

ಮಳೆಗಾಲ: ಮಿರಗ, ಇರುವೆ ಮತ್ತು ಬಿತ್ತನೆ

*"ಮಿರಗ ಕೂಡಿತು, ಇನ್ನು ಮಳೆ ಗ್ಯಾರಂಟಿ." ನಿಜವೇ?*

ಅರ್ಧ ನಿಜ. ಸೂರ್ಯ 27 ನಕ್ಷತ್ರಗಳ ಹಾದಿಯನ್ನು ಒಂದು ವರ್ಷದಲ್ಲಿ ಸುತ್ತಿದಂತೆ ನಮಗೆ ಕಾಣುತ್ತದೆ. 365 ದಿನಗಳನ್ನು 27ರಿಂದ ಭಾಗಿಸಿದರೆ ಒಂದು ನಕ್ಷತ್ರಕ್ಕೆ ಹದಿಮೂರೂವರೆ ದಿನ. ಅಂದರೆ ಮಳೆ ನಕ್ಷತ್ರಗಳ ಪಟ್ಟಿ ಒಂದು ಸೌರ ಕ್ಯಾಲೆಂಡರ್. ಮೃಗಶಿರ ಪ್ರತಿವರ್ಷ ಜೂನ್ 7-8ರ ಹೊತ್ತಿಗೆ ಕೂಡುತ್ತದೆ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಅದಾದ ಒಂದು ವಾರ-ಹತ್ತು ದಿನಕ್ಕೆ ಅದು ನಮ್ಮ ಕಡೆ ಮುಟ್ಟುತ್ತದೆ. ಹಾಗಾಗಿ ಮಿರಗಕ್ಕೂ ಮಳೆಗೂ ನಂಟು ಇರುವುದು ನಿಜ. ಹಿರಿಯರು ತಲೆಮಾರುಗಳ ಅನುಭವವನ್ನು ಈ ಕ್ಯಾಲೆಂಡರಿಗೆ ಕಟ್ಟಿಟ್ಟರು.

ಆದರೆ ಕ್ಯಾಲೆಂಡರ್ ವಾಡಿಕೆಯನ್ನು ಹೇಳುತ್ತದೆ, ಈ ವರ್ಷವನ್ನು ಅಲ್ಲ. ಜೊತೆಗೆ, ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ನಕ್ಷತ್ರಗಳ ಲೆಕ್ಕ ಋತುಗಳಿಗಿಂತ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಜಾರುತ್ತಿದೆ. ಸಾವಿರ ವರ್ಷಕ್ಕೆ ಹೆಚ್ಚುಕಡಿಮೆ ಒಂದು ನಕ್ಷತ್ರದಷ್ಟು. ಇನ್ನು ಪಂಚಾಂಗದಲ್ಲಿ ಬರುವ "ಈ ಮಳೆಗೆ ಕಪ್ಪೆ ವಾಹನ, ಆ ಮಳೆಗೆ ನರಿ ವಾಹನ" ಎಂಬ ಫಲ ಇಡೀ ನಾಡಿಗೆ ಒಂದೇ. ಆಗುಂಬೆಗೂ ಹುಣಸಗಿಗೂ ಒಂದೇ ಫಲ ಹೇಳುವ ಮಾತನ್ನು ನಂಬಿ ಬೀಜ ಬಿತ್ತಲಾಗದು.

ಇನ್ನುಳಿದ ಲಕ್ಷಣಗಳನ್ನು ಚುಟುಕಾಗಿ ನೋಡೋಣ.

ಮಣ್ಣಿನ ಘಮ ಬಂದರೆ ಮಳೆ ಹತ್ತಿರ: ನಿಜ. ಒಣ ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಜಿಯೋಸ್ಮಿನ್ ಎಂಬ ರಾಸಾಯನಿಕ ಮಾಡುತ್ತವೆ. ಹನಿ ಬಿದ್ದಾಗ ಅದು ಗಾಳಿಗೆ ಸೇರುತ್ತದೆ. ನಿಮ್ಮಲ್ಲಿ ಹನಿ ಬೀಳದೆ ಘಮ ಬಂದರೆ ಗಾಳಿ ಬರುವ ದಿಕ್ಕಿನಲ್ಲಿ ಮಳೆ ಆಗುತ್ತಿದೆ ಎಂದರ್ಥ. ಅದು ನಿಮ್ಮಲ್ಲಿಗೆ ಬರಬಹುದು, ಪಕ್ಕಕ್ಕೂ ಹೋಗಬಹುದು.

ಇರುವೆ ತತ್ತಿ ಹೊತ್ತು ಸಾಗಿದರೆ ಮಳೆ: ಅರ್ಧ ನಿಜ. ಗೂಡಿನ ತೇವ, ಬಿಸಿ ಬದಲಾದಾಗ ಇರುವೆ ಜಾಗ ಬದಲಿಸುತ್ತದೆ. ಆಹಾರ ಮುಗಿದರೂ, ಗೂಡು ಕೆದರಿದರೂ ಬದಲಿಸುತ್ತದೆ. ಮಳೆ ಬಂದಾಗ ಮಾತ್ರ ನಾವು ಇರುವೆಯನ್ನು ನೆನಪಿಸಿಕೊಳ್ಳುತ್ತೇವೆ, ಬಾರದಿದ್ದಾಗ ಮರೆಯುತ್ತೇವೆ.

ಚಂದ್ರನ ಸುತ್ತ ದೊಡ್ಡ ಬಳೆ: ಅರ್ಧ ನಿಜ. ಬಹಳ ಎತ್ತರದ ತೆಳು ಮೋಡದಲ್ಲಿರುವ ಮಂಜಿನ ಹರಳುಗಳಲ್ಲಿ ಬೆಳಕು ಬಾಗಿ ಬಳೆ ಮೂಡುತ್ತದೆ. ಅಂಥ ಮೋಡ ದೂರದ ಮಳೆ ವ್ಯವಸ್ಥೆಯ ಅಂಚು ಆಗಿರಬಹುದು, ಬರಿ ಮೋಡವೂ ಆಗಿರಬಹುದು.

ಸಂಜೆ ಆಕಾಶ ಕೆಂಪಾದರೆ ಮರುದಿನ ಮಳೆ ಇಲ್ಲ: ನಮ್ಮಲ್ಲಿ ನಡೆಯುವುದಿಲ್ಲ. ಇದು ಯುರೋಪಿನಂಥ ಕಡೆ ಹುಟ್ಟಿದ ಮಾತು. ಅಲ್ಲಿ ಮೋಡ-ಮಳೆ ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತವೆ, ಪಶ್ಚಿಮ ತಿಳಿಯಾಗಿದ್ದರೆ ನಾಳೆ ತಿಳಿ. ನಮಗೆ ದೊಡ್ಡ ಮಳೆ ಬರುವುದು ಬಹುತೇಕ ಪೂರ್ವದಿಂದ. ಮಾತು ಸುಳ್ಳಲ್ಲ, ಊರು ತಪ್ಪಿದೆ.

*ಒಂದು ಹದ ಮಳೆಗೆ ಬಿತ್ತಬಹುದೇ?*

ಪ್ರತಿ ಜೂನ್‌ನಲ್ಲಿ ನಮ್ಮ ರೈತರು ಹಣ ಕಳೆದುಕೊಳ್ಳುವ ಜಾಗ ಇದೇ. ಒಂದು ಜೋರು ಮಳೆ ಬರುತ್ತದೆ, ಗ್ರೂಪಿನಲ್ಲಿ "ಈ ಸಲ ವಾಡಿಕೆಗಿಂತ ಹೆಚ್ಚು ಮಳೆ" ಎಂಬ ಮೆಸೇಜ್ ಬರುತ್ತದೆ, ಹೆಸರು, ಹತ್ತಿ ಬಿತ್ತನೆ ಆಗುತ್ತದೆ. ಆಮೇಲೆ ಹದಿನೈದು ದಿನ ಬರಿ ಗಾಳಿ. ಮೊಳಕೆ ಒಣಗುತ್ತದೆ, ಬೀಜ-ಗೊಬ್ಬರದ ಖರ್ಚು ಎರಡನೇ ಸಲ.

ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಹೇಳುವ "ವಾಡಿಕೆಯ ಇಷ್ಟು ಪ್ರತಿಶತ" ಇಡೀ ದೇಶದ ನಾಲ್ಕು ತಿಂಗಳ ಸರಾಸರಿ. ದೇಶದ ಆ ಸರಾಸರಿ 87 ಸೆಂಟಿಮೀಟರ್. ಅದು ನಿಮ್ಮ ಹೊಲದ ಲೆಕ್ಕವೂ ಅಲ್ಲ, ಜೂನ್ ತಿಂಗಳ ಲೆಕ್ಕವೂ ಅಲ್ಲ. ಒಟ್ಟು ಮಳೆ ವಾಡಿಕೆಯಷ್ಟೇ ಆಗಿ, ನಡುವೆ ಮೂರು ವಾರ ಹನಿಯಿಲ್ಲದೆ ಬೆಳೆ ಹೋಗುವುದು ಸಾಧ್ಯ.

ಹಾಗಾದರೆ ಏನು ಮಾಡಬೇಕು? ಮೊದಲು ಅಳೆಯಿರಿ. ನೇರ ಗೋಡೆಯ ಡಬ್ಬಿಯೊಂದನ್ನು ಬಯಲಲ್ಲಿ ಇಟ್ಟು, ಮಳೆ ನಿಂತ ಮೇಲೆ ಸ್ಕೇಲಿನಿಂದ ನೀರಿನ ಎತ್ತರ ನೋಡಿ. 10 ಮಿಲಿಮೀಟರ್ ಎಂದರೆ ಒಂದು ಎಕರೆಗೆ ಸುಮಾರು 40,000 ಲೀಟರ್ ನೀರು. ಕೇಳಲು ದೊಡ್ಡದು, ಆದರೆ ಬೇಸಿಗೆಯಿಡೀ ಬಿರುಕು ಬಿಟ್ಟ ಕರಿ ಎರೆ ಭೂಮಿಗೆ ಅದು ಬಾಯಿ ಒದ್ದೆ ಮಾಡಿದಷ್ಟೇ. ಎರಡನೆಯದು, ಒಂದು ಅಡಿ ಅಗೆದು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ. ಮೇಲೆ ಒದ್ದೆ ಇದ್ದು ಕೆಳಗೆ ಪುಡಿಪುಡಿ ಆದರೆ ಇನ್ನೂ ಕಾಯಬೇಕು. ಮೂರನೆಯದು, ಮುಂದಿನ ಐದು ದಿನಗಳ ಮುನ್ಸೂಚನೆ ನೋಡಿ. ಹವಾಮಾನ ಇಲಾಖೆ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಜಿಲ್ಲಾವಾರು ಕೃಷಿ ಸಲಹೆ ಹೊರಡಿಸುತ್ತದೆ. "ಮೇಘದೂತ್" ಆಪ್‌ನಲ್ಲಿ ಅದು ಸಿಗುತ್ತದೆ. ಸುರಪುರ ತಾಲ್ಲೂಕಿನ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರ, ಶಹಾಪುರ ಹತ್ತಿರದ ಭೀಮರಾಯನಗುಡಿ ಕೃಷಿ ಕಾಲೇಜಿನಲ್ಲಿ ವಿಚಾರಿಸಬಹುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಅದರ "ವರುಣ ಮಿತ್ರ" ಸಹಾಯವಾಣಿಗೆ ಕರೆ ಮಾಡಿ ನಿಮ್ಮ ಊರಿನ ಮಾಹಿತಿ ಕೇಳಬಹುದು.

ಮುನ್ಸೂಚನೆಯ ಭಾಷೆಯೂ ಗೊತ್ತಿರಲಿ. 24 ಗಂಟೆಯಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ, 204.5 ಮುಟ್ಟಿದರೆ ಅತ್ಯಂತ ಭಾರೀ. ಹಳದಿ ಎಂದರೆ ಗಮನ ಇಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ಇವತ್ತು ಸಂಜೆ ಸುರಿದ ಮಳೆ ನಾಳೆಯ ಪಟ್ಟಿಯಲ್ಲಿ ಬರುತ್ತದೆ. "ನಮ್ಮೂರಲ್ಲಿ ಮಳೆ ಸುರಿದರೂ ಸೊನ್ನೆ ತೋರಿಸುತ್ತಾರೆ" ಎಂಬ ದೂರಿಗೆ ಬಹಳ ಸಲ ಇದೇ ಕಾರಣ.

ಮಳೆಯೇ ಇಲ್ಲ, ಪ್ರವಾಹ ಹೇಗೆ ಬಂತು?

ಆಕಾಶ ತಿಳಿಯಾಗಿದೆ, ಆದರೂ ಕೃಷ್ಣೆ ಉಕ್ಕುತ್ತಿದೆ. ಇಂಥ ಹೊತ್ತಿನಲ್ಲೇ "ಡ್ಯಾಂ ಒಡೆದಿದೆ" ಎಂಬ ಮೆಸೇಜ್ ಹುಟ್ಟುತ್ತದೆ. ಕೃಷ್ಣೆ ಹುಟ್ಟುವುದು ಮಹಾರಾಷ್ಟ್ರದ ಮಹಾಬಲೇಶ್ವರದಲ್ಲಿ. ಅಲ್ಲಿ ಬಿದ್ದ ಮಳೆ ಆಲಮಟ್ಟಿ ದಾಟಿ ನಾರಾಯಣಪುರದ ಬಸವಸಾಗರಕ್ಕೆ ಬರುತ್ತದೆ. ಬಸವಸಾಗರ ಸುಮಾರು 33 ಟಿಎಂಸಿ ನೀರು ಹಿಡಿಯುವ ಜಲಾಶಯ. ಒಳಹರಿವು ಹೆಚ್ಚಿದಾಗ ಗೇಟ್ ತೆರೆಯಲೇಬೇಕು. ಗೇಟ್ ತೆರೆಯುವುದು ಬೇರೆ, ಡ್ಯಾಂ ಒಡೆಯುವುದು ಬೇರೆ.

2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ 5 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಬಿಡಲಾಯಿತು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲೀಟರ್‌ಗಿಂತ ಸ್ವಲ್ಪ ಹೆಚ್ಚು. ಅಂದರೆ ಸೆಕೆಂಡಿಗೆ ಒಂದು ಕೋಟಿ ನಲವತ್ತು ಲಕ್ಷ ಲೀಟರ್! ಶಹಾಪುರ ತಾಲ್ಲೂಕಿನ ಕೊಳ್ಳೂರು ಸೇತುವೆ ಮುಳುಗಿತು, ನೀಲಕಂಠರಾಯನಗಡ್ಡಿಯ ಜನ ನಡುಗಡ್ಡೆಯಲ್ಲಿ ಸಿಕ್ಕಿಕೊಂಡರು. 2020ರ ಅಕ್ಟೋಬರ್‌ನಲ್ಲಿ ಸರದಿ ಭೀಮೆಯದು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಅಕ್ಟೋಬರ್ 13ರಂದು ಕಾಕಿನಾಡ ಬಳಿ ಕರಾವಳಿ ದಾಟಿ ತೆಲಂಗಾಣ, ಉತ್ತರ ಕರ್ನಾಟಕ, ಮಹಾರಾಷ್ಟ್ರದುದ್ದಕ್ಕೂ ಸುರಿಯಿತು. ಭೀಮಾ ತೀರದ ಊರುಗಳಿಗೆ ನೀರು ನುಗ್ಗಿತು. ಮುಂಗಾರು ಮುಗಿಯಿತು ಎಂದುಕೊಂಡ ತಿಂಗಳಲ್ಲಿ ಬಂದ ಪ್ರವಾಹ ಅದು.

ಆದ್ದರಿಂದ ನದಿ ದಂಡೆಯವರು ನೋಡಬೇಕಾದ್ದು ತಮ್ಮ ತಲೆಯ ಮೇಲಿನ ಮೋಡವನ್ನಲ್ಲ, ಮೇಲಿನ ಜಲಾಶಯದ ಹೊರಹರಿವನ್ನು. ಜಿಲ್ಲಾಡಳಿತ ಡಂಗುರ ಹೊಡೆಸಿದಾಗ ಪಂಪ್‌ಸೆಟ್ ತರಲೆಂದು ನದಿಗೆ ಇಳಿಯಬೇಡಿ. ವಿಡಿಯೋ ಬಂದರೆ ಮೊದಲು ಯಾವ ವರ್ಷದ್ದು ಎಂದು ಕೇಳಿ. 2019ರ ವಿಡಿಯೋಗಳು ಇವತ್ತಿನದೆಂದು ಮತ್ತೆ ಮತ್ತೆ ಬರಬಹುದು.

ಚಳಿಗಾಲ: ಇಬ್ಬನಿ, ಥಂಡಿ ಮತ್ತು ಸೂರ್ಯನ ದೂರ

*"ಭೂಮಿ ಸೂರ್ಯನಿಂದ ದೂರ ಹೋಗುತ್ತಿದೆ, ಅದಕ್ಕೇ ಚಳಿ." ನಿಜವೇ?*

ಸುಳ್ಳು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ಅಂದರೆ ನಮಗೆ ಚಳಿ ಇರುವಾಗಲೇ! ಆಗ ದೂರ ಸುಮಾರು 14.7 ಕೋಟಿ ಕಿಲೋಮೀಟರ್. ಅತಿ ದೂರ ಇರುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ. ವ್ಯತ್ಯಾಸ ನೂರಕ್ಕೆ ಮೂರರಷ್ಟು ಮಾತ್ರ. "ಮಾಮೂಲಿ ದೂರ 9 ಕೋಟಿ ಕಿಲೋಮೀಟರ್, ಈಗ 15 ಕೋಟಿ ಆಗಿದೆ" ಎಂಬ ಫಾರ್ವರ್ಡ್‌ನಲ್ಲಿ ಮೊದಲ ಸಂಖ್ಯೆಯೇ ತಪ್ಪು. ದೂರ ಎಂದೂ 9 ಕೋಟಿ ಇರುವುದಿಲ್ಲ. ಋತುಗಳಾಗುವುದು ಭೂಮಿ 23.4 ಡಿಗ್ರಿ ವಾಲಿರುವುದರಿಂದ. ಡಿಸೆಂಬರ್‌ನಲ್ಲಿ ನಮ್ಮ ಮಧ್ಯಾಹ್ನದ ಸೂರ್ಯ ಸುಮಾರು 50 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ, ಕಿರಣಗಳು ಓರೆಯಾಗಿ ಬೀಳುತ್ತವೆ, ಹಗಲೂ ಚಿಕ್ಕದು.

*"ಮೋಡ ಇದ್ದ ರಾತ್ರಿ ಥಂಡಿ ಕಡಿಮೆ." ನಿಜವೇ?*

ನಿಜ. ರಾತ್ರಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಡುತ್ತದೆ. ಮೋಡ ಕಂಬಳಿಯಂತೆ ಅದನ್ನು ತಡೆದು ವಾಪಸ್ ಕಳಿಸುತ್ತದೆ. ನಕ್ಷತ್ರ ಹೊಳೆಯುವ ತಿಳಿ ರಾತ್ರಿಯಲ್ಲಿ ತಡೆ ಇಲ್ಲ, ಬೆಳಗಿನ ಜಾವ ಥಂಡಿ. ಆಗ ನೆಲದ ಹತ್ತಿರದ ತೇವ ಎಲೆಗಳ ಮೇಲೆ ನೀರಾಗುತ್ತದೆ. ಇಬ್ಬನಿ ಬೀಳುವುದಿಲ್ಲ, ಅಲ್ಲೇ ಹುಟ್ಟುತ್ತದೆ. ಹಿಂಗಾರಿ ಬಿಳಿಜೋಳಕ್ಕೆ ಇಬ್ಬನಿಯೂ ಒಂದಿಷ್ಟು ಆಸರೆ, ಆದರೆ ಮುಖ್ಯ ಬಂಡವಾಳ ಎರೆ ಮಣ್ಣು ಸೆಪ್ಟೆಂಬರ್‌ನಿಂದ ಹಿಡಿದಿಟ್ಟ ತೇವ. ಇನ್ನು ತೊಗರಿ ಹೂ-ಕಾಯಿ ಆಗುವಾಗ ಮೋಡ ಮುಸುಕಿದರೆ ಕಾಯಿಕೊರಕದ ಭಯ ಎಂದು ರೈತರು ಹೇಳುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆದರೆ ಮೋಡ ಕಂಡ ಕೂಡಲೇ ಔಷಧಿ ಹೊಡೆಯಬೇಡಿ. ಹೊಲಕ್ಕೆ ಹೋಗಿ ಗಿಡ ಅಲುಗಿಸಿ, ಹುಳು ಎಣಿಸಿ, ಆಮೇಲೆ ಕೃಷಿ ಅಧಿಕಾರಿಯನ್ನು ಕೇಳಿ.

"ಮೊದಲು ಹೀಗಿರಲಿಲ್ಲ" ಎನ್ನುವುದು ನಿಜವೇ?

ಒಂದು ಬೇಸಿಗೆ ಕಡು ಆದರೆ ಅದು ಹವೆ. 30 ವರ್ಷಗಳ ಸರಾಸರಿ ಸರಿದರೆ ಅದು ಹವಾಮಾನ ಬದಲಾವಣೆ. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯ ಪ್ರಕಾರ 1901ರಿಂದ 2018ರ ನಡುವೆ ಭಾರತದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಪ್ರತಿಶತ ಹೆಚ್ಚು ನೀರಾವಿ ಹಿಡಿಯಬಲ್ಲದು. ಬಂದಾಗ ಒಮ್ಮೆಲೇ ಜೋರಾಗಿ ಸುರಿಯುವ ಮಳೆ ಹೆಚ್ಚುವುದಕ್ಕೆ ಇದೊಂದು ಕಾರಣ. ಸ್ಥಳೀಯ ಕಾರಣಗಳೂ ಇವೆ. ಕಾಲುವೆ ನೀರು ಬಂದ ಮೇಲೆ ಭತ್ತದ ಗದ್ದೆಗಳ ಸುತ್ತ ತೇವ ಹೆಚ್ಚಿದೆ, ಊರುಗಳಲ್ಲಿ ಕಾಂಕ್ರೀಟ್ ಹೆಚ್ಚಿದೆ. ಹಾಗಾಗಿ ಹಿರಿಯರ ಮಾತಿನಲ್ಲಿ ಸತ್ಯ ಇದೆ. ಆದರೆ ನೆನಪು ಒಳ್ಳೆಯ ಮಳೆಯನ್ನು ಉಳಿಸಿಕೊಂಡು ಬರಗಾಲವನ್ನು ಮರೆಸುತ್ತದೆ. ಒಂದು ನೋಟ್‌ಬುಕ್‌ನಲ್ಲಿ ದಿನದ ಮಳೆ ಬರೆದಿಟ್ಟರೆ ಹತ್ತು ವರ್ಷಕ್ಕೆ ಅದು ನಿಮ್ಮ ಹೊಲದ್ದೇ ದಾಖಲೆ.

ಫಾರ್ವರ್ಡ್ ಮಾಡುವ ಮುನ್ನ ನಾಲ್ಕು ಪ್ರಶ್ನೆ

1. ಯಾವ ಊರು? ತಾಲ್ಲೂಕು ಅಥವಾ ಜಿಲ್ಲೆಯ ಹೆಸರಿಲ್ಲದ ಹವಾಮಾನ ಸುದ್ದಿಗೆ ಬೆಲೆ ಇಲ್ಲ.
2. ಯಾವ ತಾರೀಖು? "ನಾಳೆಯಿಂದ" ಎಂದು ಬರೆದ ಮೆಸೇಜ್ ಮೂರು ವರ್ಷದಿಂದ "ನಾಳೆ"ಯಲ್ಲೇ ಇರಬಹುದು.
3. ಯಾರು ಹೇಳಿದ್ದು? ಹವಾಮಾನ ಇಲಾಖೆಯ "ಮೌಸಮ್" ಆಪ್‌ನಲ್ಲಿ ಅದೇ ಎಚ್ಚರಿಕೆ ಇದೆಯೇ ನೋಡಿ. ಸಿಡಿಲಿಗೆ "ದಾಮಿನಿ" ಆಪ್ ಇದೆ.
4. ನಂಬಿದರೆ ಏನಾಗುತ್ತದೆ? ಸುಳ್ಳಾದರೆ ಬೀಜದ ಹಣ ಹೋಗುವ, ಜೀವ ಹೋಗುವ ಸುದ್ದಿಯಾದರೆ ಎರಡು ಸಲ ಪರೀಕ್ಷಿಸಿ.

ಇರುವೆ ನೋಡುವುದನ್ನು, ಮೋಡ ನೋಡುವುದನ್ನು ಬಿಡಬೇಡಿ. ಅಂಗಳದಲ್ಲಿ ಹಪ್ಪಳ ಒಣಹಾಕಬೇಕೇ, ರಾಶಿಗೆ ತಾಡಪತ್ರಿ ಮುಚ್ಚಬೇಕೇ ಎಂಬುದಕ್ಕೆ ನಿಮ್ಮ ಕಣ್ಣು ಸಾಕು. ಬಿತ್ತನೆಗೆ ಮುನ್ಸೂಚನೆ ಮತ್ತು ಮಣ್ಣಿನ ತೇವ ಎರಡನ್ನೂ ನೋಡಿ. ಗುಡುಗು ಕೇಳಿದರೆ ಮಾತ್ರ ಯಾವ ಆಪ್‌ಗೂ ಕಾಯಬೇಡಿ, ಮರ ಬಿಟ್ಟು ಮನೆಯೊಳಗೆ ನಡೆಯಿರಿ.